ಅಮ್ಮನಿಗೆ ಅರ್ಧ, ಮಗಳಿಗೆ ಒಂದೂವರೆ

ಎಪ್ಪತ್ತೊಂಬತ್ತರ ಟೈಲರಮ್ಮ ಮತ್ತು ಅವರ ಐವತ್ತೆರಡರ ಮಗಳು ಒಂದೇ ಅಂಗಡಿಯಲ್ಲಿ ಎದುರುಬದುರು ಹೊಲಿಗೆ ಯಂತ್ರ ಹಾಕಿಕೊಂಡಿದ್ದರು. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಒಂದೇ ಮಾತ್ರೆ. ಬೆಳಿಗ್ಗೆ ಲೋಟಕ್ಕೆ ಲೋಟ ತಾಗಿಸಿ ಒಟ್ಟಿಗೇ ನುಂಗುತ್ತಿದ್ದರು.

ಈಚೆಗೆ ಹನ್ನೊಂದಾಯಿತೆಂದರೆ ಟೈಲರಮ್ಮನ ಕೈ ನಡುಗುತ್ತಿತ್ತು. ಸುಮ್ಮಸುಮ್ಮನೆ ಕಿಸಕ್ಕನೆ ನಗು ಬರುತ್ತಿತ್ತು. ವಯಸ್ಸಾಯ್ತಲ್ಲ ಎಂದು ತಳ್ಳಿಹಾಕುತ್ತಿದ್ದರು. ಒಂದು ಮಂಗಳವಾರ ಬಸ್ ಡ್ರೈವರೊಬ್ಬರು ಸಮವಸ್ತ್ರದ ಅಂಗಿ ತೆಗೆದುಕೊಳ್ಳಲು ಬಂದರು. ಬಿಡಿಸಿ ನೋಡಿದರೆ ಮೂರು ತೋಳು!

"ಅಮ್ಮಾ, ಏನಿದು?" ಮಗಳು ಕೂಗಿದಳು.

"ಒಂದು ಸ್ಟೇರಿಂಗಿಗೆ, ಒಂದು ಗೇರಿಗೆ, ಇನ್ನೊಂದು ಹಾರನ್ನಿಗೆ!"

ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೈಲರಮ್ಮ ನಗುತ್ತ ನಗುತ್ತಲೇ ಕುರ್ಚಿಯಿಂದ ಜಾರತೊಡಗಿದರು. ಅವರ ರವಿಕೆಯೆಲ್ಲ ಬೆವರಿನಿಂದ ತೊಪ್ಪೆ. ಮಗಳು ಓಡಿಬಂದು ಅವರನ್ನು ಹಿಡಿದುಕೊಂಡಳು.

"ಸಕ್ಕರೆ ಏರಿರಬೇಕು, ಇನ್ನೊಂದು ಮಾತ್ರೆ ಕೊಡ್ತೀನಿ."

"ತಡೀರಿ ಅಕ್ಕಾ," ಎಂದರು ಡ್ರೈವರು. "ನಮ್ಮಪ್ಪನಿಗೂ ಹೀಗೇ ಆಗಿತ್ತು. ಮೊದಲು ಚೆಕ್ ಮಾಡಿ."

ಮಗಳು ಸಕ್ಕರೆ ಅಳೆಯುವ ಯಂತ್ರ ತಂದು ಬೆರಳು ಚುಚ್ಚಿ ನೋಡಿದರೆ ಬರೀ ಐವತ್ತಾರು! ಸಕ್ಕರೆ ಏರಿರಲಿಲ್ಲ, ತೀರಾ ಇಳಿದುಹೋಗಿತ್ತು. ಸಕ್ಕರೆ ನೀರು ಕುಡಿಸಿದ ಕಾಲು ಗಂಟೆಗೆ ಟೈಲರಮ್ಮ ನೆಟ್ಟಗೆ ಕೂತು, "ಈ ಮೂರನೇ ತೋಳು ಹಚ್ಚಿದ ಬುದ್ಧಿವಂತರು ಯಾರು?" ಎಂದು ಗದರಿದರು.

ಮಧ್ಯಾಹ್ನ ಇಬ್ಬರೂ ಡಾಕ್ಟರ ಮುಂದೆ ಕೂತರು. ರಕ್ತ ಪರೀಕ್ಷೆ ಮಾಡಿಸಿ ಅವರು ಹೇಳಿದರು: "ಅಮ್ಮಾ, ವಯಸ್ಸಾದ ಹಾಗೆ ಮೂತ್ರಪಿಂಡ ನಿಧಾನ ಆಗುತ್ತೆ. ಮಾತ್ರೆ ಬೇಗ ಹೊರಗೆ ಹೋಗಲ್ಲ, ಒಳಗೇ ಕೂತು ಸಕ್ಕರೆ ಇಳಿಸ್ತಾನೇ ಇರುತ್ತೆ. ನಿಮಗೆ ಇನ್ಮೇಲೆ ಅರ್ಧ ಸಾಕು." ಮಗಳ ಕಡೆ ತಿರುಗಿ, "ನಿಮಗೆ ಒಂದು ಸಾಲ್ತಿಲ್ಲ. ಒಂದೂವರೆ," ಎಂದರು.

"ಹಾಗಾದ್ರೆ ನಾನೇ ಗೆದ್ದೆ!" ಟೈಲರಮ್ಮ ಎದ್ದೇ ನಿಂತರು.

"ಇದೇನು ಓಟದ ಪಂದ್ಯ ಅಲ್ಲಮ್ಮ," ಎಂದರು ಡಾಕ್ಟರು.

"ಅದನ್ನ ಇವಳಿಗೆ ಹೇಳಿ. ಸಿಹಿ ಮುಟ್ಟಬೇಡ ಅಂತ ಹತ್ತು ವರ್ಷದಿಂದ ನನ್ನ ಬೆನ್ನು ಹತ್ತಿದ್ದಾಳೆ!"

ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆಲ್ಲ "ನನಗೆ ಅರ್ಧ, ಇವಳಿಗೆ ಒಂದೂವರೆ" ಎಂದು ಸಾರಿದ್ದೇ ಸಾರಿದ್ದು. ಅರ್ಥವಾಗದ ಟ್ರಾಫಿಕ್ ಪೊಲೀಸರು ಪಾಪ, ವಾಹನಗಳನ್ನೇ ನಿಲ್ಲಿಸಿ ದಾರಿ ಬಿಟ್ಟುಕೊಟ್ಟರು. ಮಗಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಉಕ್ಕಿದವು.

ಆಮೇಲೆ ಆ ನಡುಕ ಮತ್ತೆ ಬರಲಿಲ್ಲ. ತಿಂಗಳೊಳಗೆ ಟೈಲರಮ್ಮ ಒಂದು ವಾದ್ಯ ತಂಡದ ನಲವತ್ತು ಕೋಟು ಒಪ್ಪಿಕೊಂಡೇ ಬಿಟ್ಟರು.

"ಅಮ್ಮಾ, ನಿನಗೇನು ಹುಚ್ಚಾ?"

"ಮಾತು ಸಾಕು ಮಗಳೇ. ಸೂಜಿಗೆ ದಾರ ಹಾಕು!"