ಮಾಲ್ಕೊಪೆರ್ತೊ ಹೆಸರಿಗೆ ಬಂದ ಸೂತಕ

ತನ್ನ ಮನೆಯಲ್ಲಿ ಸಾವಾಗಿದೆ ಎನ್ನುವುದು ಎರ್ಮೆಲಿಂದಾ ಮಾಲ್ಕೊಪೆರ್ತೊಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಕೋಳಿ ಸಾರಿನ ವಾಸನೆಯಿಂದ. ಬಾಗಿಲು ತೆರೆದರೆ ಎದುರುಮನೆಯ ಪಲ್ಮೀರಾ ಕಪ್ಪು ಶಾಲು ಹೊದ್ದು, ಎರಡೂ ಕೈಯಲ್ಲಿ ಪಾತ್ರೆ ಹಿಡಿದು, ಕಣ್ಣೀರು ಒರೆಸಿಕೊಳ್ಳಲು ಮೂರನೆಯ ಕೈಯಿಲ್ಲದೆ ನಿಂತಿದ್ದಳು.

"ಅಯ್ಯೋ ಕೊಮಾರೆ, ನನ್ನ ಗೆಳತೀ! ನೀನಿದ್ದೀಯಾ!"

"ಇಲ್ದೆ ಎಲ್ಲಿ ಹೋಗ್ಲಿ?"

"ಹಾಗಾದ್ರೆ ಹುಡುಗನಾ? ರೆಮೀಜಿಯೊ?"

"ಅವನು ಒಳಗೆ ಗಡ್ಡ ಕೆರ್ಕೋತಾ ಇದ್ದಾನೆ. ಸತ್ತವನ ಹಾಗೆ ನಿಧಾನಕ್ಕೆ, ಆದ್ರೆ ಸತ್ತಿಲ್ಲ."

ಪಲ್ಮೀರಾ ಪಾತ್ರೆಯನ್ನೊಮ್ಮೆ, ಎರ್ಮೆಲಿಂದಾಳನ್ನೊಮ್ಮೆ ನೋಡಿದಳು. "ಮತ್ತೆ ನನ್ನ ಕೋಳಿ ಯಾತಕ್ಕೆ ಸತ್ತಿತು?"

ನ್ಯಾಯವಾದ ಪ್ರಶ್ನೆ. ನಮ್ಮ ರೊಕ್ಕಸ್ಪೀನಾದಲ್ಲಿ (ಊರಿನ ಹೆಸರಿನಲ್ಲಿರುವಷ್ಟು ರೊಕ್ಕ ಊರಿನಲ್ಲಿಲ್ಲ) ಸಾವಿನ ಸುದ್ದಿ ಬರುವುದು ಕಾರಂಜಿಯ ಪಕ್ಕದ ಗೋಡೆಯಿಂದ. ಕಪ್ಪು ಅಂಚಿನ ದೊಡ್ಡ ಕಾಗದ, ನಡುವೆ ದಪ್ಪ ಅಕ್ಷರದಲ್ಲಿ ಹೆಸರು. ನೀರಿಗೆ ಬಂದ ಹೆಂಗಸರು ಕನ್ನಡಕ ಹುಡುಕುವುದಿಲ್ಲ. ಹೆಸರು ನೋಡಿ ಶಿಲುಬೆ ಗುರುತು ಹಾಕಿಕೊಂಡು ಅಡುಗೆಮನೆಗೆ ಓಡುತ್ತಾರೆ. ಏಕೆಂದರೆ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಸರದಿಯ ಮೇಲೆ ಬೀದಿಯವರು ಉಣ್ಣಿಸಬೇಕು: ಮೊದಲ ದಿನ ಎದುರುಮನೆ, ಎರಡನೆಯ ದಿನ ಪಕ್ಕದ ಮನೆ, ಮೂರನೆಯ ದಿನ ಬೀಗರು, ಆಮೇಲೆ ಉಳಿದವರು.

ಪಲ್ಮೀರಾ ಕಂಡದ್ದು ಸುಳ್ಳಲ್ಲ. ಗೋಡೆಯ ಮೇಲೆ ಕಪ್ಪು ಅಂಚಿತ್ತು, ನಡುವೆ ಅಂಗೈಯಗಲದ ಅಕ್ಷರಗಳಲ್ಲಿ ಮಾಲ್ಕೊಪೆರ್ತೊ ಎಂದೂ ಇತ್ತು. ಎರ್ಮೆಲಿಂದಾ ಮಾತ್ರ ಕನ್ನಡಕ ಹಾಕಿಕೊಂಡು ಹೋದಳು. ಮೂವತ್ತಾರು ವರ್ಷ ಅಂಚೆ ಹಂಚಿದವಳು, ಸಣ್ಣ ಅಕ್ಷರ ಓದದೆ ಬಿಡುವವಳಲ್ಲ. ಸಣ್ಣ ಅಕ್ಷರ ಹೀಗೆ ಹೇಳುತ್ತಿತ್ತು: ಸರ್ವೇಯರ್ ರೆಮೀಜಿಯೊ ಮಾಲ್ಕೊಪೆರ್ತೊ ತಮ್ಮ ಮನೆತನದ ಹೆಸರನ್ನು ಬಿಟ್ಟು, ತಾಯಿಯ ಮನೆತನದ ರುಸ್ಸೊ ಎಂಬ ಹೆಸರನ್ನು ಇಟ್ಟುಕೊಳ್ಳಲು ಅರ್ಜಿ ಹಾಕಿದ್ದಾರೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ತಿಳಿಸತಕ್ಕದ್ದು.

ಪುರಸಭೆಯ ಹಲಗೆಯ ಮೇಲೆ ಯಾರೂ ಓದದಂತೆ ಒಣಗಬೇಕಾಗಿದ್ದ ಕಾಗದ ಅದು. ಊರಿಗಿರುವ ಒಂದೇ ಮುದ್ರಣಾಲಯದಲ್ಲಿ ಕಪ್ಪು ಅಂಚಿನ ಚೌಕಟ್ಟನ್ನು ಯಂತ್ರದಿಂದ ಬಿಚ್ಚದೆ ವರ್ಷಗಳೇ ಆಗಿದ್ದವು. ಸಾವಿನ ಕಾಗದ ಬಿಟ್ಟು ಬೇರೆ ಕೆಲಸವೇ ಬರುತ್ತಿರಲಿಲ್ಲ. ಗೋಡೆಗೆ ಕಾಗದ ಅಂಟಿಸುವ ನುಂಜಿಯಾಂತೆ ಎಂಬವನು ಬಕೆಟ್ಟು ಕೆಳಗಿಟ್ಟು ಹೇಳಿದ:

"ನಾನು ಓದಲ್ಲ ಎರ್ಮೆಲಿಂದಾ, ಅಂಟಿಸ್ತೀನಿ ಅಷ್ಟೇ. ಕಪ್ಪು ಅಂಚಿದ್ರೆ ಕಾರಂಜಿ ಗೋಡೆ, ಇಲ್ದಿದ್ರೆ ಪುರಸಭೆ. ತಪ್ಪಾಗಿದ್ರೆ ಈಗ್ಲೇ ಕಿತ್ತುಹಾಕ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ. ಸರಿಯಾದ ಜಾಗದಲ್ಲೇ ಅಂಟಿಸಿದ್ದೀಯ."

ಮನೆಗೆ ಬಂದವಳೇ ಉರಿಯುತ್ತಿದ್ದ ಒಲೆ ಆರಿಸಿದಳು. ಬಾಗಿಲಿನ ಒಂದು ರೆಕ್ಕೆ ಮುಚ್ಚಿ ಇನ್ನೊಂದನ್ನು ತೆರೆದಿಟ್ಟಳು. ಕಪ್ಪು ಉಡುಪು ತೊಟ್ಟು ಗೋಡೆಗೆ ಆನಿಸಿ ಕುರ್ಚಿಗಳನ್ನು ಸಾಲಾಗಿ ಹಾಕಿ, ನಡುವಿನ ಕುರ್ಚಿಯಲ್ಲಿ ಕುಳಿತಳು. ಪಲ್ಮೀರಾಗೆ ಹೇಳಿದಳು: "ನಿನ್ನ ಕೋಳಿ ವ್ಯರ್ಥ ಆಗಿಲ್ಲ. ಬಡಿಸು."

ಇಲ್ಲಿ ಆ ಹೆಸರಿನ ಕತೆ ಹೇಳಲೇಬೇಕು. ಮಠದ ಗೋಡೆಯಲ್ಲಿ ಹಿಂದೆ ಮರದ ಒಂದು ತಿರುಗಣಿ ಇತ್ತು. ಹೊರಗಿನಿಂದ ಕೂಸನ್ನಿಟ್ಟು ತಿರುಗಿಸಿದರೆ ಒಳಗಿನ ಸನ್ಯಾಸಿನಿಯ ಕೈಗೆ ಸಿಗುತ್ತಿತ್ತು. ಇಟ್ಟವರ ಮುಖ ಇವರಿಗಿಲ್ಲ, ಎತ್ತಿಕೊಂಡವರ ಮುಖ ಅವರಿಗಿಲ್ಲ. ಸಾವಿರದ ಎಂಟುನೂರ ಇಪ್ಪತ್ತಮೂರರ ಫೆಬ್ರವರಿ ಮೂರರ ಬೆಳಿಗ್ಗೆ, ಹಿಮ ಬೀಳುತ್ತಿದ್ದಾಗ, ಹಾಗೆ ಬಂದ ಗಂಡು ಕೂಸನ್ನು ಪುರಸಭೆಗೆ ಒಯ್ದರು. ಗುಮಾಸ್ತ ನೋಡಿದ್ದನ್ನು ನೋಡಿದಂತೆ ಬರೆದ: ಅರ್ಧ ಹಿಟ್ಟಿನ ಚೀಲ, ಕೆಂಪು ಉಣ್ಣೆಯ ಒಂದು ಪಟ್ಟಿ, ಕಾಲು ಬರಿದು. ಆ ದಿನದ ಸಂತನ ಹೆಸರು ಬ್ಯಾಜೊ, ಅದನ್ನಿಟ್ಟ. ಮನೆತನದ ಹೆಸರು ಬೇಕಲ್ಲ? ಹಿಂದಿನ ವಾರದ ಕೂಸಿಗೆ ಗುರುವಾರ ಎಂದೇ ಮನೆತನ ಕಟ್ಟಿಕೊಟ್ಟು ಅವನ ಕಲ್ಪನೆ ಬತ್ತಿತ್ತು. ಕೂಸನ್ನು ಇನ್ನೊಮ್ಮೆ ನೋಡಿ ಮಾಲ್ಕೊಪೆರ್ತೊ ಎಂದು ಗೀಚಿದ. ಸರಿಯಾದ ಹೊದಿಕೆಯಿಲ್ಲದವನು ಎಂದರ್ಥ. ಗುರುವಾರದ ವಂಶ ಒಂದೇ ತಲೆಮಾರಿಗೆ ಮುಗಿಯಿತು. ಹೊದಿಕೆಯಿಲ್ಲದ್ದು ಬದುಕಿತು.

ಬದುಕಿತೇ ಹೊರತು ಹಬ್ಬಲಿಲ್ಲ. ಎರ್ಮೆಲಿಂದಾ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಅಂಚೆ ಕಚೇರಿಯಲ್ಲಿದ್ದ ಎಲ್ಲ ಪ್ರಾಂತಗಳ ಟೆಲಿಫೋನ್ ಪುಸ್ತಕಗಳನ್ನೂ ಊಟದ ಬಿಡುವಿನಲ್ಲಿ ಒಂದೊಂದಾಗಿ ತೆರೆದು ಮಾಲ್ಕೊಪೆರ್ತೊ ಬರಬೇಕಾದ ಪುಟದ ಮೇಲೆ ಬೆರಳಾಡಿಸಿದ್ದಳು. ತೊಂಬತ್ತಕ್ಕೂ ಹೆಚ್ಚು ಪುಸ್ತಕ, ನಮ್ಮೂರಿನಾಚೆ ಸಿಕ್ಕಿದ್ದು ಒಂದೇ ಹೆಸರು: ತೊರಿನೊ ನಗರದಲ್ಲಿ ಟ್ರಾಮ್ ಓಡಿಸುವ ಎಜೀದಿಯೊ. ಕಾಗದ ಬರೆದಳು. ಅವನ ಅಜ್ಜ ಇಲ್ಲಿಂದಲೇ ಹೋದವನು. ಅಲ್ಲಿಗೆ ಲೆಕ್ಕ ಪೂರ್ತಿಯಾಯಿತು. ಈಗ, ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ದೇಶಕ್ಕೆಲ್ಲ ಏಳು ಜನ. ತೊರಿನೊದಲ್ಲಿ ಎಜೀದಿಯೊ ಮತ್ತು ಅವನ ಮಗಳು. ಇಲ್ಲಿ ಮದುವೆಯಾಗದ ಮೂವರು ಮುದಿ ಸೋದರಿಯರು, ಎರ್ಮೆಲಿಂದಾ, ಮತ್ತು ಅಪ್ಪ ಅಮ್ಮ ಬೇಗ ಹೋದ ಮೇಲೆ ಅವಳೇ ಸಾಕಿದ ಅಣ್ಣನ ಮಗ ರೆಮೀಜಿಯೊ. ಹೆಸರು ಗಂಡುಮಕ್ಕಳ ಹಿಂದೆ ಹೋಗುವ ದೇಶ ಇದು. ರೆಮೀಜಿಯೊ ರುಸ್ಸೊ ಆದರೆ ಮಾಲ್ಕೊಪೆರ್ತೊ ಮುಗಿಯಿತು.

ಅವಳನ್ನೂ ಒಬ್ಬ ಬ್ಯಾಂಕಿನ ಗುಮಾಸ್ತ ಕೇಳಿದ್ದ. ಆಗಿನ ಕಾನೂನಿನಲ್ಲಿ ಹೆಂಡತಿಗೆ ಗಂಡನ ಹೆಸರೇ. "ಚಿಂತೆ ಮಾಡ್ಬೇಡ, ನಿನ್ನ ಹೆಸರು ನನ್ನದರ ಕೆಳಗೆ ಮುಚ್ಚಿಹೋಗುತ್ತೆ" ಎಂದು ಸಮಾಧಾನ ಹೇಳಿದ್ದೇ ಅವನ ತಪ್ಪು. ಅವನು ಬೇರೆ ಖಾತೆ ತೆರೆದ. ಇವಳು ಅಂಚೆಚೀಲ ಹೊತ್ತಳು. ಹಂಚಿನ ಮನೆಗಳಿಗೆಲ್ಲ ಅಂಚೆ ಹಂಚಿ, ಯಾರ ಮನೆಗೆ ಎಲ್ಲಿಂದ ಯಾವ ಕೈಬರಹ ಬರುತ್ತದೆ ಎಂದು ಬಲ್ಲವಳಾಗಿದ್ದರೂ ಒಂದು ಮಾತು ಹೊರಗೆ ಬಿಡಲಿಲ್ಲ. ಊರು ಅವಳಿಗೆ ಹೆದರುತ್ತಿದ್ದದ್ದು ಅದಕ್ಕೇ.

ಗಡ್ಡ ಕೆರೆದು ಮುಗಿಸಿದ ರೆಮೀಜಿಯೊ ಹೊರಗೆ ಬಂದಾಗ ಕುರ್ಚಿಗಳಲ್ಲಿ ಆಗಲೇ ನಾಲ್ಕು ಕಪ್ಪು ಶಾಲುಗಳಿದ್ದವು.

"ಅತ್ತೆ, ಇದೇನು ನಾಟಕ?"

"ನಾಟಕ ಅಲ್ಲ, ಸೂತಕ. ಕೂತ್ಕೋ. ಸಾರು ಬಿಸಿಯಿದೆ."

"ಯಾರೂ ಸತ್ತಿಲ್ವಲ್ಲ!"

"ಇನ್ನೂ ಸತ್ತಿಲ್ಲ. ಮೂವತ್ತು ದಿನ ಟೈಮ್ ಕೊಟ್ಟಿದ್ದೀಯಂತೆ. ದೊಡ್ಡ ಮನಸ್ಸು ನಿಂದು."

ಅವನಿಗೆ ಕಾಗದದ ವಿಷಯ ಅರ್ಥವಾಯಿತು. ಕುರ್ಚಿಯಲ್ಲಿ ಕುಸಿದ. "ಹೇಳೋಣ ಅಂತಲೇ ಇದ್ದೆ. ನಮ್ಮ ಮದುವೆಗೆ ಮೊದ್ಲು ಹೆಸರು ಬದಲಾಗ್ಬೇಕು ಅಂತ ಒತ್ತಾವಿಯಾಳ ಅಪ್ಪ ಹಠ ಹಿಡಿದಿದ್ದಾರೆ. ಎಣ್ಣೆ ಗಾಣದ ಕಸ್ತಾಲ್ದಿ ಮನೆಯ ಮದುವೆ ಕಾಗದದ ಮೇಲೆ ತಿರುಗಣಿಯ ಹೆಸರು ಅಚ್ಚಾಗಬಾರ್ದಂತೆ."

"ಅವರು ಹಠ ಹಿಡಿದ್ರು. ನೀನು ಏನು ಹಿಡಿದೆ, ಅರ್ಜಿಯಾ?"

"ನಿಂಗೇನು ಗೊತ್ತು ಅತ್ತೆ! ಸೈನ್ಯದಲ್ಲಿ ಕಂಬಳಿ ಹಂಚೋವಾಗ ಸಾರ್ಜೆಂಟ್ ಇಡೀ ಸಾಲಿಗೆ ಕೇಳೋ ಹಾಗೆ ಕೂಗ್ತಿದ್ದ, ಇವನಿಗೆ ಎರಡು ಕೊಡ್ರಯ್ಯಾ, ಪಾಪ, ಅಂತ. ಇನ್ನೂರು ಜನ ನಗೋರು."

"ಎರಡು ಕೊಟ್ನಾ?"

"ಇಲ್ಲ."

"ಹಾಗಾದ್ರೆ ನಾಚ್ಕೋಬೇಕಾದ್ದು ಯಾರು?"

ಕಪ್ಪು ಶಾಲುಗಳು ಚಮಚ ನಿಲ್ಲಿಸಿ ಕೇಳುತ್ತಿದ್ದವು. ಎರ್ಮೆಲಿಂದಾ ಅವರಿಗೂ ಸೇರಿಸಿಯೇ ಹೇಳಿದಳು: "ಹಿಮದಲ್ಲಿ ಬಂದ ಕೂಸು ತಾನೇ ಹೊದ್ಕೊಂಡು ಬರೋಕಾಗುತ್ತಾ? ಆ ತಾಯಿ ಹತ್ರ ಏನಿತ್ತೋ ಅದನ್ನ ಸುತ್ತಿದ್ಲು. ಉಳಿದದ್ದನ್ನ ಹೊದಿಸಬೇಕಾದ್ದು ಈ ಊರು. ಹೊದಿಸ್ಲಿಲ್ಲ. ಆ ಹೆಸರು ನಮ್ಮ ಮೇಲಿನ ಕಳಂಕ ಅಲ್ಲ ಮಗಾ, ಊರಿನ ಮೇಲಿನ ದೂರು. ನೂರ ಅರವತ್ತೆಂಟು ವರ್ಷದಿಂದ ಇವರು ನಮ್ಮನ್ನ ಕರೆದಾಗಲೆಲ್ಲ ತಮ್ಮ ತಪ್ಪನ್ನ ತಾವೇ ಒಪ್ಕೋತಿದ್ದಾರೆ. ನೀನು ಆ ದೂರನ್ನ ವಾಪಸ್ ತಗೊಳ್ಳೋಕೆ ಹೊರಟಿದ್ದೀಯ. ರುಸ್ಸೊ ಅಂತೆ! ಬಸ್ಸಲ್ಲಿ ರುಸ್ಸೊ ಅಂತ ಕೂಗಿದ್ರೆ ಡ್ರೈವರ್ ಸಮೇತ ತಿರುಗ್ತಾರೆ."

ರೆಮೀಜಿಯೊ ಸಾರು ಕುಡಿದ, ಒಪ್ಪಲಿಲ್ಲ. "ಅರ್ಜಿ ಅರ್ಜಿನೇ ಅತ್ತೆ" ಎಂದು ಅಳತೆಯ ಪಟ್ಟಿ ತೆಗೆದುಕೊಂಡು ಹೊರಟುಹೋದ.

ಮರುದಿನ ಏಳರ ಬಸ್ಸಿಗೆ ಎರ್ಮೆಲಿಂದಾ ಕಪ್ಪು ಉಡುಪಿನಲ್ಲೇ ಜಿಲ್ಲಾ ಕಚೇರಿಗೆ ಹೋಗಿ ಆಕ್ಷೇಪಣೆ ಕೊಟ್ಟಳು. ಅಲ್ಲಿನ ಅಧಿಕಾರಿ ಕಾಗದ ತಿರುಗಿಸಿ ನೋಡಿ, "ಇದ್ರಲ್ಲಿ ನಿಮಗೇನು ನಷ್ಟ ಅಮ್ಮಾ? ನಿಮ್ಮ ಹೆಸರು ನಿಮಗೆ ಇದ್ದೇ ಇರುತ್ತಲ್ಲ" ಎಂದ.

"ನಾನು ಎಷ್ಟು ದಿನ ಇದ್ದೇನು ಸ್ವಾಮಿ?"

ಅದನ್ನು ಬರೆದುಕೊಳ್ಳಲು ನಮೂನೆಯಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಬರೆಸಿಯೇ ಬಂದಳು. ಅವಳು ಬರುವಷ್ಟರಲ್ಲಿ ಪಕ್ಕದ ಮನೆಯವರು ಕಡಲೆ ಹಾಕಿದ ಗಂಜಿ ತಂದಿಟ್ಟಿದ್ದರು. ಬೀದಿಯಲ್ಲಿ ಆಗಲೇ ಗುಸುಗುಸು: ಹೆಸರಿಗೂ ಸೂತಕ ಉಂಟೇ? ಉಂಟೋ ಇಲ್ಲವೋ, ಬಾಗಿಲಿನ ಒಂದು ರೆಕ್ಕೆ ಮುಚ್ಚಿದ ಮನೆಗೆ ಅನ್ನ ಕೊಡದೆ ಇರಲು ಯಾರಿಗೂ ಧೈರ್ಯವಿಲ್ಲ. ಮೂವತ್ತು ದಿನವೂ ಹೀಗೇ ಎಂದು ಅವಳು ಸಾರಿದ್ದರಿಂದ, ನನ್ನ ಸರದಿ ಹನ್ನೊಂದನೆಯ ದಿನಕ್ಕೆ ಬರುತ್ತದೆಂದು ನಾನೂ ಬೆರಳೆಣಿಸಿ, ಮಾಂಸದುಂಡೆಯೋ ಮೀನೋ ಎಂದು ಯೋಚಿಸತೊಡಗಿದ್ದೆ.

ಎಲ್ಲರ ಕಣ್ಣೂ ಇದ್ದದ್ದು ಮೂರನೆಯ ದಿನದ ಮೇಲೆ. ಅದು ಬೀಗರ ಸರದಿ. ಕಸ್ತಾಲ್ದಿ ಮನೆಯವರು ಊಟ ತಂದರೆ ಸಾವನ್ನು ಒಪ್ಪಿದಂತೆ, ತರದಿದ್ದರೆ ಬೀಗತನ ಬೇಡವೆಂದಂತೆ. ಮಧ್ಯಾಹ್ನ ಹನ್ನೆರಡೂವರೆಗೆ ಅಗಲವಾದ ತಟ್ಟೆಯಲ್ಲಿ ಒಲೆಯಿಂದಿಳಿಸಿದ ಪಾಸ್ತಾ ಹೊತ್ತು ಒತ್ತಾವಿಯಾ ಬಂದಳು. ಹಿಂದೆಯೇ ಖಾಲಿ ಕೈಯಲ್ಲಿ ಅವಳ ಅಪ್ಪ ದೊನ್ ಸವೇರಿಯೊ ಕಸ್ತಾಲ್ದಿ. ಊಟ ತಂದದ್ದು ಮಗಳು, ಮಾತು ತಂದದ್ದು ಅಪ್ಪ.

"ಎರ್ಮೆಲಿಂದಾ, ಈ ಹುಚ್ಚಾಟ ಸಾಕು. ಆಕ್ಷೇಪಣೆ ವಾಪಸ್ ತಗೊಳ್ಳಿ."

"ಮೊದ್ಲು ಕೂತ್ಕೊಳ್ಳಿ ದೊನ್ ಸವೇರಿಯೊ. ಸಾವಿನ ಮನೆಗೆ ಬಂದೋರು ತಿನ್ನದೆ ಹೋಗೋ ಹಾಗಿಲ್ಲ."

ಕಿಟಕಿಯಾಚೆ ಬೀದಿಯೇ ನಿಂತಿತ್ತು. ಅವರು ಕೂತರು. ಮಗಳು ಬಡಿಸಿದಳು. ರೆಮೀಜಿಯೊ ಪಕ್ಕದಲ್ಲಿ ತಟ್ಟೆ ಮೇಲೆ ಕಣ್ಣಿಟ್ಟು ಕೂತಿದ್ದ. ಎರಡು ತುತ್ತು ನುಂಗಿ ದೊನ್ ಸವೇರಿಯೊ ಮತ್ತೆ ಶುರು ಮಾಡಿದರು.

"ನಮ್ಮದು ಮುನ್ನೂರು ವರ್ಷದ ಗಾಣ. ಯಾವ ಮರದ್ದು ಯಾವ ಎಣ್ಣೆ ಅಂತ ಗೊತ್ತಿರೋ ಮನೆ. ನಿಮ್ಮ ಮೂಲ ಏನು? ಯಾವ ಬೀದಿನಾಯಿಗೆ ಹುಟ್ಟಿದ್ದೋ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ, ನಿಜ" ಎಂದಳು ಎರ್ಮೆಲಿಂದಾ. "ಆ ವರ್ಷದ ತೆರಿಗೆ ಪಟ್ಟಿ ನೋಡಿದ್ದೀನಿ. ಈ ಊರಲ್ಲಿ ನೂರ ಹನ್ನೆರಡು ಒಲೆ ಉರೀತಿದ್ವು. ಆ ಹಿಮದಲ್ಲಿ ಬೇರೆ ಊರಿಂದ ಕೂಸು ಹೊತ್ತು ಬರೋಕೆ ದಾರಿ ಇರಲಿಲ್ಲ. ಅಂದ್ರೆ ನೂರ ಹನ್ನೆರಡರಲ್ಲಿ ಯಾವುದೋ ಒಂದು ಮನೆ ಕೂಸು. ನಿಮ್ಮ ಗಾಣನೂ ಆ ಪಟ್ಟೀಲಿದೆ. ನಿಮ್ಮ ಮನೇದಾ, ಪಲ್ಮೀರಾ ಮನೇದಾ ಅಂತ ನಾನು ಯಾವತ್ತಾದ್ರೂ ಕೇಳಿದ್ದೀನಾ? ಇನ್ನೊಂಚೂರು ಹಾಕ್ಲಾ?"

ದೊನ್ ಸವೇರಿಯೊಗೆ ನೆತ್ತಿಗೇರಿತು. ಪಲ್ಮೀರಾ ನೀರು ಕೊಡಲು ಎದ್ದವಳು, ತನ್ನ ಹೆಸರೂ ಬಂದದ್ದು ನೆನಪಾಗಿ ಮತ್ತೆ ಕೂತಳು. ಕೆಮ್ಮು ನಿಂತ ಮೇಲೆ ಅವರ ಬಾಯಿಂದ ಬಂದದ್ದು ಒಂದೇ ಮಾತು: "ತಿರುಗಣಿಯ ಹೊಲಸು!"

ರೆಮೀಜಿಯೊ ಮುಳ್ಳುಚಮಚ ಕೆಳಗಿಟ್ಟ. ಅವನು ವೀರನಲ್ಲ. ಬೇಲಿ ಅಳೆಯುವಾಗ ಎರಡೂ ಕಡೆಯವರಿಗೆ ತಲೆಯಾಡಿಸುವ ಮನುಷ್ಯ. ಆಗಲೂ ಅವನ ದನಿ ಏರಲಿಲ್ಲ.

"ದೊನ್ ಸವೇರಿಯೊ, ಅದು ಬರಿಗಾಲಲ್ಲಿದ್ದ ಒಂದು ಕೂಸು. ನಮ್ಮಜ್ಜನ ಅಜ್ಜ. ಇನ್ನೊಂದು ಸಲ ಆ ಮಾತು ಆಡ್ಬೇಡಿ."

"ಆಡಿದ್ರೆ?"

"ಮದುವೆ ನಿಮ್ಮ ಗಾಣದ ಜೊತೆ ಅಲ್ಲವಲ್ಲ."

ಬೀದಿ ಉಸಿರು ಬಿಟ್ಟದ್ದು ಒಳಗೆ ಕೇಳಿಸಿತು. ದೊನ್ ಸವೇರಿಯೊ ಎದ್ದು ಮಗಳಿಗೆ, "ನಡಿ" ಎಂದರು. ಒತ್ತಾವಿಯಾ ತಂದೆ ಬಿಟ್ಟ ಕುರ್ಚಿಯಲ್ಲಿ ತಾನು ಕೂತಳು.

"ನೀವು ನಡೀರಿ ಅಪ್ಪಾ. ನಂಗಿನ್ನೂ ಊಟ ಆಗಿಲ್ಲ. ನನ್ನ ಹೆಸರು ನಂಗಿದೆ, ಅವನದು ಅವನಿಗಿರ್ಲಿ. ಇಷ್ಟು ದಿನ ನನ್ನ ಯಾರಾದ್ರೂ ಕೇಳಿದ್ರಾ? ರುಸ್ಸೊ ಅಂತ ನಮ್ಮ ಕ್ಲಾಸಲ್ಲೇ ಆರು ಜನ ಇದ್ರು, ಆರೂ ಪೆದ್ದರು."

ದೊನ್ ಸವೇರಿಯೊ ಹೊರಗೆ ಬಂದಾಗ ಗಂಡಸರು ಟೋಪಿ ತೆಗೆದು ದಾರಿ ಬಿಟ್ಟರು, ಸಾವಿನ ಮನೆಯಲ್ಲಿ ಉಂಡು ಬಂದವರಿಗೆ ತೋರುವ ಮರ್ಯಾದೆ. ಸಂಜೆಯೊಳಗೆ ಮೂರು ಬೀದಿಗೂ ಸುದ್ದಿಯಾಯಿತು: ಕಸ್ತಾಲ್ದಿಗಳು ಮಾಲ್ಕೊಪೆರ್ತೊ ಹೆಸರಿಗೆ ಶೋಕ ಸೂಚಿಸಿದರು. ಅವರು ವಾರಗಟ್ಟಲೆ ಅಲ್ಲಗಳೆದರು. ಬೆರಳೆಣಿಕೆಯ ಜನರೂ ನಂಬಲಿಲ್ಲ. ಅವರು ಎರಡು ತುತ್ತು ನುಂಗಿದ್ದನ್ನು ಪಲ್ಮೀರಾ ನೋಡಿದ್ದಳು.

ಶುಕ್ರವಾರ ರೆಮೀಜಿಯೊ ಜಿಲ್ಲಾ ಕಚೇರಿಗೆ ಹೋಗಿ ಅರ್ಜಿ ಹಿಂತೆಗೆದುಕೊಂಡ. ನನ್ನ ಸರದಿ ಬರಲಿಲ್ಲ. ಮಾಂಸದುಂಡೆಯನ್ನು ನಾನೇ ತಿಂದೆ.

ಮದುವೆ ಸೆಪ್ಟೆಂಬರಿನಲ್ಲಿ ನಡೆಯಿತು. ದೊನ್ ಸವೇರಿಯೊ ಬಂದರು, ಮುಖ ಮಾತ್ರ ಮನೆಯಲ್ಲಿ ಬಿಟ್ಟು ಬಂದಿದ್ದರು. ಪೂಜೆ ಮುಗಿದ ಮೇಲೆ ಪಾದ್ರಿಗಳು ದಾಖಲೆ ಪುಸ್ತಕ ತೆರೆದು ವಧೂವರರ ಹೆಸರು ಓದಿದರು. ವಧುವಿನ ಮನೆತನ ಕಂಬಗಳಿಗೆ ಬಡಿದು ಮೊಳಗಿತು. ವರನ ಮನೆತನಕ್ಕೆ ಬಂದಾಗ, ಯಾರ ಮುಲಾಜಿಗೋ ಏನೋ, ಅವರ ದನಿ ಗಂಟಲಲ್ಲೇ ಉಳಿಯಿತು.

ಮುಂದಿನ ಸಾಲಿನಲ್ಲಿ ಎರ್ಮೆಲಿಂದಾ ಎದ್ದು ನಿಂತಳು.

"ಕೇಳಿಸ್ಲಿಲ್ಲ ಸ್ವಾಮಿ."

ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು ತುಸು ಜೋರಾಗಿ ಓದಿದರು.

"ಹಿಂದಿನ ಸಾಲಿಗೆ ಕೇಳಿಸಿರೋಲ್ಲ" ಎಂದಳು ಅವಳು, ಕೂರದೆ. "ಅಲ್ಲಿ ಇಡೀ ಊರು ಕೂತಿದೆ."