ಒಬ್ಬರೇ ಹಿಡಿಯುವ ಗುಂಡಿ

ಎಪ್ಪತ್ತೈದು ವರ್ಷದ ಖಂಡೆಪ್ಪ ಮೊಮ್ಮಗಳು ಸೃಷ್ಟಿಯ ಕೈ ಹಿಡಿದು ಶಹಾಬಜಾರದ ಮನೆಯಿಂದ ಹೊರಬಿದ್ದಾಗ ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೇ ತಿಂಗಳ ಕಲಬುರಗಿಯ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮಗ ವಿವೇಕಾನಂದ ವಿಮಾ ಕಚೇರಿಗೆ ಹೋಗಿದ್ದ, ಸೊಸೆ ನಾಗರತ್ನಾ ಆಸ್ಪತ್ರೆಯ ಡ್ಯೂಟಿಗೆ. ಎಂಟು ವರ್ಷದ ಹುಡುಗಿಗೆ ಶಾಲೆ ರಜೆ. ಎಲ್ಲಿಗೆ ಎಂದು ಅವಳು ಎರಡು ಸಲ ಕೇಳಿದಳು. ತನ್ನ ಹುಟ್ಟೂರು ಕಮಲಾಪುರಕ್ಕೆ ಎಂದಷ್ಟೇ ಹೇಳಿ ಮುದುಕ ಆ ದಾರಿಯ ಹುಮನಾಬಾದ್ ಬಸ್ಸು ಹತ್ತಿಸಿದ.

ಮೂರು ದಿನದ ಹಿಂದೆ ಗಡಿಯಲ್ಲಿ ಕಾಳಗ ಶುರುವಾಗಿತ್ತು. ಮನೆಯ ಟಿ.ವಿ.ಯಲ್ಲಿ ಸುದ್ದಿಯ ನಡುನಡುವೆ ಸೈರನ್ ಕೂಗುತ್ತಿತ್ತು. ಮೊದಲ ದಿನ ಖಂಡೆಪ್ಪ ಎದ್ದು ಹೋಗಿ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡ. ಎರಡನೆಯ ದಿನ ಉಣ್ಣಲಿಲ್ಲ. ಆ ಗಡಿ ಇಲ್ಲಿಂದ ಸಾವಿರ ಮೈಲಿ ದೂರ ಎಂದು ಮಗ ಬಿಡಿಸಿ ಹೇಳಿದ. ಸೇನೆ ಬಿಟ್ಟ ಮೇಲೆ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವನಿಗೆ ದೂರದ ಲೆಕ್ಕ ತಿಳಿಯದ್ದಲ್ಲ. ಆದರೆ ಆ ಕೂಗು ಕಿವಿಗೆ ಬಿದ್ದರೆ ಅವನು ಶಹಾಬಜಾರದಲ್ಲಿ ಇರುತ್ತಿರಲಿಲ್ಲ, ಹನೋಯಿಯಲ್ಲಿ ಇರುತ್ತಿದ್ದ.

ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ತೀರಿಹೋದ ಹೆಂಡತಿಗೂ ಇಲ್ಲ. ವಿಯೆಟ್ನಾಮಿನಲ್ಲಿ ಒಂದು ವರ್ಷ ಇದ್ದ ಎಂದು ಮಾತ್ರ ಮನೆಯವರಿಗೆ ಗೊತ್ತು. ಫ್ರೆಂಚರು ಸೋತುಹೋದ ಮೇಲೆ ಅಲ್ಲಿ ಒಂದು ಒಪ್ಪಂದವಾಗಿ, ಅದನ್ನು ಕಾಯಲು ಭಾರತ ಸೇರಿ ಮೂರು ದೇಶಗಳ ಆಯೋಗ ಕೂತಿತ್ತು. ಖಂಡೆಪ್ಪ ಅದರ ಜೀಪಿನ ಡ್ರೈವರಾಗಿ ಹೋದದ್ದು ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ. ಅಷ್ಟರಲ್ಲಿ ಒಪ್ಪಂದ ಹರಿದು ಚಿಂದಿಯಾಗಿತ್ತು, ತಲೆಯ ಮೇಲೆ ಅಮೆರಿಕದ ವಿಮಾನಗಳು ಹಾರುತ್ತಿದ್ದವು. ಅವನಿಗಾಗ ಇಪ್ಪತ್ತೆರಡು.

ಹನೋಯಿಯಲ್ಲಿದ್ದ ಆಯೋಗದ ಕಚೇರಿಯ ಎದುರಿನ ಬೀದಿಯಲ್ಲಿ ಒಬ್ಬ ಹೆಂಗಸು ಹಸಿರು ಚಹಾ ಮಾರುತ್ತಿದ್ದಳು. ದುಭಾಷಿ ಅವಳನ್ನು ‘ಚೀ’ ಎಂದು ಕರೆಯುತ್ತಿದ್ದ, ಅವರ ಮಾತಿನಲ್ಲಿ ಅಕ್ಕ ಎಂದರ್ಥ. ಕಮಲಾಪುರದಲ್ಲಿ ಯಾರಿಗಾದರೂ ಚೀ ಅಂದರೆ ಜಗಳವೇ ಆದೀತು ಎಂದು ಖಂಡೆಪ್ಪನಿಗೆ ನಾಲಿಗೆ ಏಳಲಿಲ್ಲ. ಕೆಲವು ವಾರ ಕಳೆದ ಮೇಲೆ ಅವನೂ ಹಾಗೇ ಕರೆದ, ಅವಳು ನಕ್ಕಳು. ಅವಳ ಗಂಡ ಫ್ರೆಂಚರ ಮೇಲಿನ ಯುದ್ಧದಲ್ಲಿ ಸತ್ತಿದ್ದ. ಒಬ್ಬನೇ ಮಗ ದಕ್ಷಿಣದ ಕಾಡುಗಳಲ್ಲಿ ಹೋರಾಡಲು ಹೋಗಿ ಎರಡು ವರ್ಷ, ಕಾಗದವಿಲ್ಲ. ಅವನಿಗೂ ಇಪ್ಪತ್ತೆರಡೇ ಎಂದು ದುಭಾಷಿ ತಿಳಿಸಿದ್ದ.

ಬೀದಿಯುದ್ದಕ್ಕೂ ಬಾಂಬು ಬೀಳುವಾಗ ಅಡಗಲು ಸಿಮೆಂಟಿನ ಬಳೆ ಇಳಿಸಿದ ಗುಂಡಿಗಳಿದ್ದವು. ಒಬ್ಬರು ಮಂಡಿ ಮಡಚಿ ಕೂತರೆ ತುಂಬಿತು; ಮೇಲೆ ಒಂದು ಮುಚ್ಚಳ. ಡಿಸೆಂಬರಿನ ಒಂದು ಮಧ್ಯಾಹ್ನ ಸೈರನ್ ಕೂಗಿದಾಗ ಖಂಡೆಪ್ಪ ಜೀಪು ಬಿಟ್ಟು ಓಡಿದ. ಹತ್ತಿರ ಖಾಲಿ ಇದ್ದದ್ದು ಅವಳ ಪಕ್ಕದ ಗುಂಡಿ ಒಂದೇ. ಅದರ ಬಾಯಲ್ಲಿ ಅವಳು ನಿಂತಿದ್ದಳು. ಅವನನ್ನು ನೋಡಿದವಳೇ ಹಿಂದೆ ಸರಿದು, ಹೆಗಲು ಹಿಡಿದು ಒಳಗೆ ಅದುಮಿ, ಮುಚ್ಚಳ ಎಳೆದಳು. ಅವನು ಬೇಡ ಎನ್ನಲಿಲ್ಲ. ಮುಚ್ಚಳವನ್ನು ಒಳಗಿನಿಂದ ತಳ್ಳಲೂ ಇಲ್ಲ. ಹೊರಗೆ ಬಂದಾಗ ಬಾಂಬಿಗೆ ಬೀದಿಯ ಆಚೆ ಬದಿಯೇ ಇರಲಿಲ್ಲ. ಅವಳನ್ನು ಹುಡುಕುತ್ತ ಎರಡು ದಿನ ಬರಿಗೈಲಿ ಇಟ್ಟಿಗೆ ಬಗೆದ. ಮೂರನೆಯ ದಿನ ಅಧಿಕಾರಿ ಬಂದು ಎಳೆದುಕೊಂಡು ಹೋದರು. ತಿಂಗಳೊಳಗೆ ಊರಿಗೆ ಕಳಿಸಿದರು.

ಕಮಲಾಪುರದಲ್ಲಿ ಈಗ ಇರುವವರು ತಮ್ಮನ ಹೆಂಡತಿ ಲಲಿತಾಬಾಯಿ ಮತ್ತು ಅವಳ ಮಕ್ಕಳು. ಆ ಹೊತ್ತಿಗೆ ಮಕ್ಕಳು ಬಾಳೆತೋಟದಲ್ಲಿದ್ದರು. ಖಂಡೆಪ್ಪ ಬಂದವನೇ ನೀರೂ ಕುಡಿಯದೆ ಹಾರೆ ಹುಡುಕಿದ. ಅಂಗಳದಲ್ಲಿ ಹಳೆಯ ಹಗೇವು ಇತ್ತು, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಇಪ್ಪತ್ತು ವರ್ಷದಿಂದ ಯಾರೂ ತೆಗೆದಿರಲಿಲ್ಲ. ಅವನು ಏದುಸಿರು ಬಿಡುತ್ತ ಬಾಯಿಯ ಕಲ್ಲು ಸರಿಸಿದ. ವಿಮಾನ ಬರುವ ಮೊದಲು ಹುಡುಗಿ ಒಳಗೆ ಇಳಿಯಬೇಕು ಎಂದ. ಲಲಿತಾಬಾಯಿ ಸೃಷ್ಟಿಯನ್ನು ಹಿಂದಕ್ಕೆಳೆದು ನಡುವೆ ನಿಂತಳು.

“ಭಾವನೋರೆ, ಮದಲ ಕಂದೀಲು ಬಿಟ್ಟು ನೋಡ್ರಿ. ಆಮ್ಯಾಲ ಹುಡುಗಿ.”

ಅದು ಅವನಿಗೂ ಗೊತ್ತಿದ್ದ ಪದ್ಧತಿ. ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ನಾಲ್ಕು ಮೊಳ ಇಳಿಯುವಷ್ಟರಲ್ಲಿ ಉರಿ ಸಣ್ಣಗಾಗಿ ಆರಿತು. ಮತ್ತೆ ಹಚ್ಚಿ ಬಿಟ್ಟ, ಮತ್ತೆ ಆರಿತು. ಒಳಗಿನ ಗಾಳಿ ಕೆಟ್ಟಿತ್ತು. ಮೂರನೆಯ ಸಲ ಹಚ್ಚಲು ಕಡ್ಡಿ ಗೀರಿದವನು ಅದನ್ನು ಬೆರಳ ತುದಿಯವರೆಗೂ ಉರಿಯಬಿಟ್ಟ. ಆಮೇಲೆ ಸೃಷ್ಟಿಯನ್ನು ಎಳೆದು ಗೋಡೆಯ ಬುಡದಲ್ಲಿ ಕೂರಿಸಿ, ಅವಳ ಮೇಲೆ ತಾನೇ ಬೋರಲು ಬಾಗಿದ. ಹುಡುಗಿ ಅತ್ತಳು. ಉಸಿರು ಕಟ್ಟುತ್ತದೆ ಎಂದಳು. ಅವನು ಬಿಡಲಿಲ್ಲ. ಪಕ್ಕದ ಮನೆಯ ಬಷೀರುನ್ನೀಸಾ ಓಡಿಬಂದಳು. ಇಬ್ಬರು ಹೆಂಗಸರು ಸೇರಿ ಅವನ ಕೈ ಬಿಡಿಸಬೇಕಾಯಿತು.

ಫೋನು ಹೋಗಿ, ಗಂಟೆಯೊಳಗೆ ವಿವೇಕಾನಂದ ಹೆಂಡತಿಯೊಂದಿಗೆ ಬಂದ. ಬಾಯಿ ತೆರೆದಿದ್ದ ಹಗೇವು ನೋಡಿ ಅವನು ಅಪ್ಪನ ಮೇಲೆ ಹರಿಹಾಯ್ದ. ಮಗಳನ್ನು ಕೊಲ್ಲಲು ಕರೆತಂದೆಯಾ ಎಂದು ಕೇಳಿಬಿಟ್ಟ. ನಾಗರತ್ನಾ ಅವನನ್ನು ತಡೆದು ಮಾವನ ಪಕ್ಕದಲ್ಲಿ ಕೂತಳು. ಯಾವುದಕ್ಕೆ ಹೆದರಿದಿರಿ ಎಂದು ಮೆಲ್ಲಗೆ ಕೇಳಿದಳು. ಆಗ ಐವತ್ತೆರಡು ವರ್ಷದ ಮೇಲೆ ಖಂಡೆಪ್ಪ ಆ ಮಧ್ಯಾಹ್ನವನ್ನು ಹೇಳಿದ. ತಲೆ ಎತ್ತದೆ, ನೆಲಕ್ಕೆ ಹೇಳಿದಂತೆ ಹೇಳಿದ.

ಎಲ್ಲ ಕೇಳಿದ ಮೇಲೆ ವಿವೇಕಾನಂದ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಬಂದು ಕೂತ. ಅವಳ ಹೆಸರು ಹೇಳಿದರೆ ಅಲ್ಲಿಗೆ ಬರೆದು ಕೇಳೋಣ, ಬದುಕಿ ಉಳಿದಳೋ ಇಲ್ಲವೋ ತಿಳಿಯಬಹುದು ಎಂದ.

“ಹೆಸರು ಗೊತ್ತಿಲ್ಲಪ. ದಿನಾ ಅಕಿ ಕೈಯಾಗಿನ ಚಾ ಕುಡಿದೀನಿ, ಒಂದಿನಾನೂ ಹೆಸರು ಕೇಳಲಿಲ್ಲ.”

ಮರುದಿನವೇ ಗುಂಡು ನಿಂತಿತು ಎಂಬ ಸುದ್ದಿ ಬಂತು. ವಿವೇಕಾನಂದ ಟಿ.ವಿ. ತೆಗೆದು ಅಟ್ಟಕ್ಕೆ ಹಾಕಿದ. ಡಾಕ್ಟರು ಮಾತ್ರೆ ಬರೆದರು, ನಿದ್ದೆ ಮಾತ್ರ ಬರಲಿಲ್ಲ. ಮೊಮ್ಮಗಳನ್ನು ಒಬ್ಬಳೇ ಅವನ ಹತ್ತಿರ ಬಿಡಬಾರದೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಯಾರಾದರೂ ಒಬ್ಬರು ಸದಾ ಇರುತ್ತಿದ್ದರು. ಅದು ಅವನಿಗೆ ತಿಳಿಯುತ್ತಿತ್ತು. ಸರಿಯೆಂದೇ ಅನ್ನಿಸುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಸೃಷ್ಟಿ ಬಾಗಿಲಲ್ಲಿ ನಿಂತು, ಒಳಗೆ ಬರದೆ ಕೇಳಿದಳು: “ಮುತ್ಯಾ, ಆ ಅಕ್ಕಗ ಇನ್ನೊಂದು ಗುಂಡಿ ಸಿಕ್ತೇನು?”

“ರಸ್ತಾದ ಆಚಿ ಕಡಿ ಒಂದಿತ್ತವ್ವ,” ಎಂದ ಖಂಡೆಪ್ಪ. “ಅಕಿ ಅಲ್ಲಿಗಿ ಓಡಿದ ಕಾಲಸಪ್ಪಳ ಕೇಳಿದ್ದೆ. ಮುಟ್ಟಿದಳೋ ಇಲ್ಲೋ, ನಂಗ ಗೊತ್ತಾಗಲಿಲ್ಲ.”

ಹುಡುಗಿ ಅಡುಗೆಮನೆಗೆ ಹೋದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ.