ಮೋಶೆಯ ನೆಪ

ಅಂಗಿ ಕಾರ್ಖಾನೆಯ ಇಸ್ತ್ರಿ ಕೋಣೆಗೆ ಹೊರಗಿನಿಂದ ಬೀಗ ಜಡಿದೇ ಕೆಲಸ ಮಾಡಿಸುತ್ತಿದ್ದರು. ಹಬೆಗೆ ಒಬ್ಬಳು ತಲೆತಿರುಗಿ ಬಿದ್ದ ಮೇಲೆ, ಯಜಮಾನರನ್ನು ಕೇಳುವವರು ಯಾರು ಎಂದಾಗ ಎಲ್ಲರ ಕಣ್ಣೂ ಅಲ್ಲಿಗೆಲ್ಲ ಹಿರಿಯಳಾದ ಕಾಲರ್ ಇಸ್ತ್ರಿಯ ಅಕ್ಕನ ಮೇಲೆ ಬಿತ್ತು. ಇವಳೋ, ತನ್ನ ಹೆಸರು ಹೇಳುವಾಗಲೂ ತೊದಲುವವಳು.

"ನ-ನನ್ನ ನಾಲಿಗೆ ತಿರುಗಲ್ಲ ಕಣ್ರೇ."

"ಮೋಶೆನೂ ದೇವರ ಹತ್ರ ಇದೇ ನೆಪ ಹೇಳಿದ ಅಂತ ಭಾನುವಾರ ಚರ್ಚಲ್ಲಿ ಮಕ್ಕಳಿಗೆ ಕಥೆ ಹೇಳಿದ್ದು ನೀವೇ ಅಲ್ವಾ ಅತ್ತಿಗೆ?" ಪಕ್ಕದ ಮೇಜಿನ ನಾದಿನಿ ಬಿಡಲಿಲ್ಲ. "ರಾಜನ ಮುಂದೆ ಮಾತಾಡೋಕೆ ಅವನಿಗೆ ಅಣ್ಣ ಆರೋನ ಇದ್ದ. ನಿಮಗೆ ನಾನಿದ್ದೀನಿ. ನೀವು ಸುಮ್ನೆ ಮುಂದೆ ನಿಂತ್ಕೊಳ್ಳಿ."

ಹೇಳಿದ ಕಥೆಯೇ ಕೊರಳಿಗೆ ಸುತ್ತಿಕೊಂಡಿತು. ಸಂಜೆ ಬೀಗ ತೆಗೆದ ಕೂಡಲೇ ಎಲ್ಲರೂ ಅವಳನ್ನು ಮುಂದೆ ಮಾಡಿಕೊಂಡು ಯಜಮಾನರ ಕೋಣೆಗೆ ನಡೆದರು.

"ಏನು?" ಎಂದರು ಅವರು, ತಲೆಯೆತ್ತದೆ.

ನಲ್ಲಿ ಜಗಳದಲ್ಲಿ ಇಡೀ ಬೀದಿಯ ಬಾಯಿ ಮುಚ್ಚಿಸುವ ನಾದಿನಿ ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ಆರೋನನೇ ಕೈಕೊಟ್ಟರೆ ಮೋಶೆ ಏನು ಮಾಡಬೇಕೆಂದು ಕಥೆಯಲ್ಲಿ ಇರಲಿಲ್ಲ. ಹಿಂದೆ ಸರಿಯೋಣವೆಂದರೆ ಹೆಂಗಸರು ಗೋಡೆಯಂತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಬೀ... ಬೀ..." ಎಂದು ಅಕ್ಕ ಶುರು ಮಾಡಿದಳು.

ಯಜಮಾನರು ಬೇಸತ್ತು ಎದ್ದರು, ಬಾಗಿಲ ಕಡೆ ನೋಡಿದರು, ಮತ್ತೆ ಕೂತರು. ಇವಳ ಮಾತು ಮುಗಿಯುವವರೆಗೆ ಅವರಿಗೂ ಹೊರಗೆ ಹೋಗಲು ದಾರಿಯಿರಲಿಲ್ಲ.